ಮಾಡದ ತಪ್ಪಿಗೆ ಒಪ್ಪಿಗೆ: ಠಾಣೆಯಿಂದ ನ್ಯಾಯಾಲಯದವರೆಗೆ ತಿಳಿದಿರಬೇಕಾದ ಕಾನೂನು

ತಪ್ಪು ಮಾಡಿದ್ದೇನೆಂದು ಆರೋಪಿ ಹೇಳುವ ಮಾತಿಗೆ ಭಾರತದ ಕಾನೂನು ಎಲ್ಲ ಕಡೆಯೂ ಒಂದೇ ಬೆಲೆ ಕೊಡುವುದಿಲ್ಲ. ಆ ಮಾತನ್ನು ಪೊಲೀಸರ ಮುಂದೆ ಹೇಳಿದರೆ ಅದು ಸಾಮಾನ್ಯವಾಗಿ ಸಾಕ್ಷ್ಯವೇ ಆಗುವುದಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ವಿಧಿವತ್ತಾಗಿ ಹೇಳಿದರೆ ಬಲವಾದ ಸಾಕ್ಷ್ಯವಾಗುತ್ತದೆ. ನ್ಯಾಯಾಲಯದಲ್ಲಿ ಆರೋಪವನ್ನು ಓದಿ ಹೇಳಿದ ದಿನ ಹೌದೆಂದು ಒಪ್ಪಿಕೊಂಡರೆ ಒಬ್ಬ ಸಾಕ್ಷಿಯನ್ನೂ ವಿಚಾರಿಸದೆ ಶಿಕ್ಷೆ ವಿಧಿಸಬಹುದಾಗಿದ್ದು, ಆ ಬಳಿಕ ಮೇಲ್ಮನವಿಯ ದಾರಿಯೂ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಜನಸಾಮಾನ್ಯರ ಅಂಜಿಕೆ ಇದಕ್ಕೆ ತದ್ವಿರುದ್ಧವಾಗಿ ನಡೆಯುತ್ತದೆ. ಠಾಣೆಯಲ್ಲಿ ಹಾಕಿಸಿಕೊಂಡ ಒಂದು ಸಹಿಯಿಂದ ಎಲ್ಲವೂ ಮುಗಿಯಿತೆಂದು ಕೈಚೆಲ್ಲುವವರೇ, ‘ಒಪ್ಪಿಕೊಂಡು ದಂಡ ಕಟ್ಟಿಬಿಡು, ಅಲೆದಾಟ ತಪ್ಪುತ್ತದೆ’ ಎಂದು ನ್ಯಾಯಾಲಯದ ಹೊರಾಂಗಣದಲ್ಲಿ ಯಾರೋ ಹೇಳಿದ ಮಾತನ್ನು ಸಂತೆಯ ಸುಂಕ ಕಟ್ಟಿದಷ್ಟು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಮಾಡದ ತಪ್ಪಿಗೆ ಶಿಕ್ಷೆ ಅನುಭವಿಸುವ ಅನ್ಯಾಯಕ್ಕೆ ಠಾಣೆಯ ಬಲಪ್ರಯೋಗ ಎಷ್ಟು ಕಾರಣವೋ ಈ ತಲೆಕೆಳಗಾದ ತಿಳಿವಳಿಕೆಯೂ ಅಷ್ಟೇ ಕಾರಣ.

ಸುಂಟಿಕೊಪ್ಪದ ಸುತ್ತಮುತ್ತ ಇದನ್ನು ಅರಿತಿರಬೇಕಾದ ಅಗತ್ಯ ಹೆಚ್ಚು. ಮಡಿಕೇರಿಗೂ ಕುಶಾಲನಗರಕ್ಕೂ ನಡುವೆ ಹೆದ್ದಾರಿಯ ಮೇಲಿರುವ ಈ ಹೋಬಳಿ ಕೇಂದ್ರದ ಸುತ್ತ ಕಾಫಿ ತೋಟಗಳಿವೆ. ಆ ತೋಟಗಳ ಲೈನ್‌ಮನೆಗಳಲ್ಲಿ ತಮಿಳು, ಮಲಯಾಳ ಮಾತನಾಡುವ ಹಳೆಯ ಕುಟುಂಬಗಳಿವೆ, ಹಾಡಿಗಳಿಂದ ಕೆಲಸಕ್ಕೆ ಬರುವ ಯರವರು, ಜೇನುಕುರುಬರು ಇದ್ದಾರೆ, ಈಚಿನ ವರ್ಷಗಳಲ್ಲಿ ಅಸ್ಸಾಂ ಮತ್ತು ಬಂಗಾಳದ ಕಡೆಯಿಂದ ಬಂದ ಕೂಲಿಕಾರರೂ ಸೇರಿದ್ದಾರೆ. ಕಾಫಿ ಹಣ್ಣಿನ ಕಳವು, ಮರ ಸಾಗಣೆ, ಅಕ್ರಮ ಮದ್ಯ, ಗಾಂಜಾ, ಹೊಡೆದಾಟ ಮೊದಲಾದ ಪ್ರಕರಣಗಳಲ್ಲಿ ಮೊದಲು ಸಂಶಯಕ್ಕೆ ಗುರಿಯಾಗುವವರು ಇವರೇ ಆಗಿದ್ದು, ಪೊಲೀಸರು ಬರೆಯುವ ಕನ್ನಡವನ್ನಾಗಲಿ ವಕೀಲರು ಆಡುವ ಇಂಗ್ಲಿಷನ್ನಾಗಲಿ ಓದಿ ತಿಳಿಯಲಾರದವರೂ ಹೆಚ್ಚಾಗಿ ಇವರೇ.

ಈ ಮಾತಿಗೆ ನಿದರ್ಶನವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಕುಶಾಲನಗರ ತಾಲ್ಲೂಕಿನ ಬಸವನಹಳ್ಳಿಯ ಆದಿವಾಸಿ ಕೂಲಿ ಕಾರ್ಮಿಕನೊಬ್ಬನ ಪತ್ನಿ 2020ರ ಕೊನೆಯ ಹೊತ್ತಿಗೆ ಕಾಣೆಯಾದಾಗ, ಆಕೆಯನ್ನು ಹುಡುಕಿಕೊಡಬೇಕೆಂದು ಠಾಣೆಗೆ ದೂರು ಕೊಟ್ಟವನು ಆತನೇ ಆಗಿದ್ದ. 2021ರಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಅಸ್ಥಿಪಂಜರವೊಂದು ಸಿಕ್ಕಿತು. ಅದು ಆಕೆಯದೇ ಎಂದು ತೀರ್ಮಾನಿಸಿದ ಪೊಲೀಸರು ಪತಿಯನ್ನೇ ಕೊಲೆ ಆರೋಪದ ಮೇಲೆ ಬಂಧಿಸಿದರು, ಡಿಎನ್‌ಎ ವರದಿ ಕೈಸೇರುವ ಮೊದಲೇ ದೋಷಾರೋಪ ಪಟ್ಟಿಯನ್ನೂ ಸಲ್ಲಿಸಿದರು. ಆ ಮೂಳೆಗಳು ಆಕೆಯವಲ್ಲವೆಂದು ವರದಿ ಬಂದ ಮೇಲೂ ಮೊಕದ್ದಮೆ ನಿಲ್ಲಲಿಲ್ಲ. ಹಿಂಸಿಸಿ ತಪ್ಪೊಪ್ಪಿಕೊಳ್ಳುವಂತೆ ಮಾಡಿದರೆಂಬುದು ಆತನ ಆರೋಪ. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಸೆರೆಮನೆಯಲ್ಲಿದ್ದು ಜಾಮೀನಿನ ಮೇಲೆ ಹೊರಬಂದ ಆತ ವಿಚಾರಣೆ ಎದುರಿಸುತ್ತಿದ್ದಾಗಲೇ, 2025ರ ಏಪ್ರಿಲ್ 1ರಂದು ಆ ಮಹಿಳೆ ಮಡಿಕೇರಿಯ ಹೋಟೆಲೊಂದರಲ್ಲಿ ಜೀವಂತವಾಗಿ ಕಾಣಿಸಿಕೊಂಡಳು. ಅದೇ ತಿಂಗಳ 23ರಂದು ಮೈಸೂರಿನ ಐದನೇ ಹೆಚ್ಚುವರಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ ಆತನನ್ನು ಬಿಡುಗಡೆ ಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ತನಿಖಾಧಿಕಾರಿಯ ವಿರುದ್ಧ ಕ್ರಮ ಕೈಗೊಳ್ಳಬೇಕೆಂದೂ ಆದೇಶಿಸಿತು. ಆ ಪರಿಹಾರ ಸಾಲದೆಂದು ಆತ ಐದು ಕೋಟಿ ರೂಪಾಯಿ ಕೋರಿ ಹೈಕೋರ್ಟಿನ ಮೆಟ್ಟಿಲೇರಿದ.

ಈ ಪ್ರಕರಣದ ಬಗ್ಗೆ ಪತ್ರಿಕೆಗಳಲ್ಲಿ ಬಂದ ಹಲವು ಬರಹಗಳು ಪತ್ನಿ ಮರಳಿ ಕಾಣಿಸಿಕೊಂಡ ವಿಸ್ಮಯದ ಸುತ್ತಲೇ ತಿರುಗಿದವು. ಕಾನೂನಿನ ದೃಷ್ಟಿಯಿಂದ ಗಮನಿಸಬೇಕಾದ ಸಂಗತಿ ಬೇರೆ: ಠಾಣೆಯಲ್ಲಿ ಏನೇ ನಡೆದಿದ್ದರೂ ನ್ಯಾಯಾಲಯದಲ್ಲಿ ಆತ ತಪ್ಪೊಪ್ಪಿಕೊಳ್ಳದೆ ವಿಚಾರಣೆಯನ್ನು ಕೇಳಿ ನಿಂತದ್ದರಿಂದಲೇ ಸಾಕ್ಷಿಗಳ ವಿಚಾರಣೆ ನಡೆಯಿತು, ಮೊಕದ್ದಮೆ 2025ರವರೆಗೂ ಜೀವಂತವಾಗಿ ಉಳಿಯಿತು. ಶಿಕ್ಷೆ ಕಡಿಮೆಯಾದೀತೆಂಬ ಆಸೆಗೆ ಬಿದ್ದು ಆತ ಒಪ್ಪಿಕೊಂಡಿದ್ದರೆ, ಪತ್ನಿ ಸಿಕ್ಕ ದಿನ ಆತನ ಕಡತ ಎಂದೋ ಮುಚ್ಚಿರುತ್ತಿತ್ತು, ಆತ ಶಿಕ್ಷಾಬಂದಿಯಾಗಿರುತ್ತಿದ್ದ.

ಠಾಣೆಯ ‘ಸ್ವಇಚ್ಛಾ ಹೇಳಿಕೆ’

2024ರ ಜುಲೈ 1ರಿಂದ ಹಳೆಯ ಮೂರು ಕಾಯ್ದೆಗಳ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿವೆ. ಮೊದಲನೆಯದು ಅಪರಾಧಗಳನ್ನೂ ಶಿಕ್ಷೆಗಳನ್ನೂ, ಎರಡನೆಯದು ಬಂಧನ ಮತ್ತು ವಿಚಾರಣೆಯ ಕ್ರಮವನ್ನೂ, ಮೂರನೆಯದು ಯಾವುದು ಸಾಕ್ಷ್ಯ, ಯಾವುದು ಅಲ್ಲ ಎಂಬುದನ್ನೂ ಹೇಳುತ್ತವೆ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತು ಮಾಡುವಂತಿಲ್ಲ ಎಂಬ ಹಳೆಯ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೊಸ ಅಧಿನಿಯಮದ 23ನೇ ಕಲಂ ಆಗಿ ಹಾಗೆಯೇ ಉಳಿದಿದೆ. ಬ್ರಿಟಿಷರ ಕಾಲದಲ್ಲೇ ಹುಟ್ಟಿದ ಈ ನಿಯಮದ ಹಿಂದೆ, ಪೊಲೀಸರು ಹೊಡೆದು ಬಡಿದು ಮಾತು ಹೊರಡಿಸುತ್ತಾರೆಂಬ ಅರಿವು ಸ್ಪಷ್ಟವಾಗಿತ್ತು. ಸಂವಿಧಾನದ 20(3)ನೇ ವಿಧಿಯೂ ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತ ಮಾಡುವುದನ್ನು ನಿಷೇಧಿಸುತ್ತದೆ. ಅದರ ಆಧಾರದ ಮೇಲೆಯೇ ಸುಪ್ರೀಂ ಕೋರ್ಟ್ 2010ರಲ್ಲಿ, ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ನಡೆಸಕೂಡದೆಂದು ತೀರ್ಪಿತ್ತಿತು.

ಹೀಗಿದ್ದರೂ ರಾಜ್ಯದ ಬಹುತೇಕ ದೋಷಾರೋಪ ಪಟ್ಟಿಗಳಲ್ಲಿ ‘ಸ್ವಇಚ್ಛಾ ಹೇಳಿಕೆ’ ಎಂಬ ತಲೆಬರಹದ ಹಾಳೆಗಳಿರುತ್ತವೆ. ಅದಕ್ಕೆ ಕಾರಣ 23ನೇ ಕಲಮಿನಲ್ಲೇ ಇರುವ ಒಂದು ವಿನಾಯಿತಿ: ಬಂಧನದಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಯಾವುದಾದರೂ ವಸ್ತು ಅಥವಾ ಸಂಗತಿ ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಮಾತಿನ ಭಾಗವನ್ನಷ್ಟೇ ಸಾಕ್ಷ್ಯವಾಗಿ ಬಳಸಬಹುದು. ಕಾಫಿ ಮೂಟೆಯನ್ನು ಇಂಥ ಕೊಟ್ಟಿಗೆಯಲ್ಲಿ ಇಟ್ಟಿದ್ದೇನೆ ಎಂಬ ಮಾತಿನಿಂದ ಮೂಟೆ ಸಿಕ್ಕಿದರೆ ಆ ಮಾತು ಸಾಕ್ಷ್ಯವಾಗುತ್ತದೆಯೇ ಹೊರತು, ತೋಟದಿಂದ ಕದ್ದದ್ದು ನಾನೇ ಎಂಬ ಮಾತು ಸಾಕ್ಷ್ಯವಾಗುವುದಿಲ್ಲ. 1947ರ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಎಳೆದ ಈ ಗೆರೆ ಇಂದಿಗೂ ಚಾಲ್ತಿಯಲ್ಲಿದೆ. ಆದುದರಿಂದ ಪೊಲೀಸರು ವಸ್ತುವನ್ನು ವಶಪಡಿಸಿಕೊಳ್ಳುವಾಗ ಬರೆಯುವ ಮಹಜರು, ಎಂದರೆ ಸ್ಥಳದಲ್ಲೇ ಪಂಚರ ಎದುರು ಸಿದ್ಧಪಡಿಸುವ ವರದಿ, ಸ್ವಇಚ್ಛಾ ಹೇಳಿಕೆಗಿಂತ ಹೆಚ್ಚು ಅಪಾಯಕಾರಿ. ಈಗ ಸುರಕ್ಷಾ ಸಂಹಿತೆಯ 105ನೇ ಕಲಮಿನ ಪ್ರಕಾರ ಶೋಧ ಮತ್ತು ಜಪ್ತಿಯನ್ನು ಆಡಿಯೊ-ವಿಡಿಯೊದಲ್ಲಿ ದಾಖಲಿಸುವುದು ಕಡ್ಡಾಯವಾಗಿರುವುದರಿಂದ, ಆ ದಾಖಲೆ ಎಲ್ಲಿದೆ ಎಂದು ವಕೀಲರ ಮೂಲಕ ಮೊದಲ ದಿನದಿಂದಲೇ ಕೇಳಬೇಕು.

ಸಹಿಯ ವಿಷಯದಲ್ಲಿ ಜನ ಅರಿಯದ ನಿಯಮವೊಂದಿದೆ. ತನಿಖೆಯ ವೇಳೆ ಪೊಲೀಸರಿಗೆ ಕೊಟ್ಟ ಹೇಳಿಕೆಯನ್ನು ಬರೆದುಕೊಂಡರೂ ಅದಕ್ಕೆ ಹೇಳಿದವರ ಸಹಿ ಹಾಕಿಸಕೂಡದೆಂದು ಸುರಕ್ಷಾ ಸಂಹಿತೆಯ 181ನೇ ಕಲಂ ಹೇಳುತ್ತದೆ. ಬಂಧನದ ಜ್ಞಾಪನಾ ಪತ್ರ, ಮಹಜರು, ಜಾಮೀನು ಮುಚ್ಚಳಿಕೆ ಮೊದಲಾದ ಕಾಗದಗಳಿಗೆ ಸಹಿ ಬೇಕಾಗುತ್ತದೆ. ಅವನ್ನೂ ಓದಿಸಿಕೊಂಡು, ತಿಳಿಯದ ಭಾಷೆಯಲ್ಲಿದ್ದರೆ ತಿಳಿದ ಭಾಷೆಯಲ್ಲಿ ಹೇಳಿಸಿಕೊಂಡು, ದಿನಾಂಕ ಮತ್ತು ವೇಳೆಯನ್ನು ತನ್ನ ಕೈಯಿಂದಲೇ ಬರೆದು ಸಹಿ ಮಾಡುವುದು ಕ್ಷೇಮ. ಖಾಲಿ ಹಾಳೆಗೆ ಸಹಿಯನ್ನಾಗಲಿ ಹೆಬ್ಬೆಟ್ಟನ್ನಾಗಲಿ ಹಾಕಲೇಬಾರದು. ಬಲವಂತದಿಂದ ಹಾಕಬೇಕಾಗಿ ಬಂದಿದ್ದರೆ ಮರುದಿನ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದಾಗ ಮೊದಲ ಮಾತಾಗಿ ಅದನ್ನೇ ಹೇಳಿ, ಅದು ದಾಖಲಾಗುವಂತೆ ನೋಡಿಕೊಳ್ಳಬೇಕು.

ಬಂಧನದ ಕ್ರಮದಲ್ಲಿ ಮನೆಯವರು ಕೂಡಲೇ ಪರಿಶೀಲಿಸಬೇಕಾದ ಅಂಶಗಳು ಕೆಲವೇ. ಬಂಧನಕ್ಕೆ ಕಾರಣವೇನೆಂದು ತಿಳಿಸುವುದು ಸಂವಿಧಾನದ 22(1)ನೇ ವಿಧಿಯಡಿ ಕಡ್ಡಾಯವಾಗಿದ್ದು, ಅದು ಬರಿಯ ಶಾಸ್ತ್ರವಲ್ಲವೆಂದೂ ತಿಳಿಸದಿದ್ದರೆ ಬಂಧನವೇ ಅಸಿಂಧುವಾಗುತ್ತದೆಂದೂ ಸುಪ್ರೀಂ ಕೋರ್ಟ್ 2025ರ ಫೆಬ್ರುವರಿಯಲ್ಲಿ ವಿಹಾನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಬಂಧನದ ಜ್ಞಾಪನಾ ಪತ್ರಕ್ಕೆ ಮನೆಯವರೊಬ್ಬರು ಅಥವಾ ಊರಿನ ಗಣ್ಯರೊಬ್ಬರು ಸಾಕ್ಷಿ ಹಾಕಬೇಕು, ಬಂಧಿತ ಹೇಳಿದ ಒಬ್ಬರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ವಿಚಾರಣೆಯ ನಡುವೆ ವಕೀಲರನ್ನು ಕಾಣಲು ಬಿಡಬೇಕು. ಇವೆಲ್ಲ 1996ರ ಡಿಸೆಂಬರಿನ ಡಿ.ಕೆ. ಬಸು ತೀರ್ಪಿನಲ್ಲೂ ಬಳಿಕ ಶಾಸನದಲ್ಲೂ ಸೇರಿರುವ ವಿಷಯಗಳು. ಮಹಿಳೆಯರು, 15ರ ಒಳಗಿನವರು, 60 ದಾಟಿದವರು ಮತ್ತು ಅಂಗವಿಕಲರನ್ನು ಸಾಕ್ಷಿಗಳಾಗಿ ವಿಚಾರಿಸಬೇಕಾದರೆ ಪೊಲೀಸರೇ ಅವರಿರುವಲ್ಲಿಗೆ ಹೋಗಬೇಕೇ ಹೊರತು ಠಾಣೆಗೆ ಕರೆಸುವಂತಿಲ್ಲ. ‘ಸುಮ್ಮನೆ ವಿಚಾರಣೆಗೆ’ ಎಂದು ಕರೆದೊಯ್ದು ಎರಡು ಮೂರು ದಿನ ಕೂರಿಸಿಕೊಂಡು ಆಮೇಲೆ ಬಂಧನದ ದಿನಾಂಕ ಬರೆಯುವ ಪದ್ಧತಿಯನ್ನು ಎದುರಿಸಲು ಮನೆಯವರ ಕೈಯಲ್ಲಿರುವ ಆಯುಧ ಲಿಖಿತ ದಾಖಲೆಯೊಂದೇ. ಕರೆದೊಯ್ದ ದಿನವೇ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ನೋಂದಾಯಿತ ಅಂಚೆಯಲ್ಲೋ ಇಮೇಲಿನಲ್ಲೋ ಕಳುಹಿಸಿದ ಎರಡು ಸಾಲಿನ ಪತ್ರ, ವರ್ಷಗಳ ಬಳಿಕ ಸಾಕ್ಷಿಕಟ್ಟೆಯಲ್ಲಿ ಹೇಳುವ ನೂರು ಮಾತಿಗಿಂತ ಹೆಚ್ಚು ತೂಗುತ್ತದೆ.

ಪೆಟ್ಟು ಬಿದ್ದಿದ್ದರೆ ವೈದ್ಯರ ಚೀಟಿಯೇ ಮೂಲಾಧಾರ. ಬಂಧಿತರನ್ನು ಸರಕಾರಿ ವೈದ್ಯರು ಪರೀಕ್ಷಿಸಿ ಗಾಯಗಳನ್ನು ಬರೆಯಬೇಕು ಮತ್ತು ವರದಿಯ ಪ್ರತಿಯನ್ನು ಬಂಧಿತನಿಗೆ ಕೊಡಬೇಕೆಂದು ಸುರಕ್ಷಾ ಸಂಹಿತೆಯ 53ನೇ ಕಲಂ ವಿಧಿಸುತ್ತದೆ. ‘ಯಾವ ಗಾಯವೂ ಇಲ್ಲ’ ಎಂದು ಬರೆಸುವ ಒತ್ತಡ ಇದ್ದೇ ಇರುವುದರಿಂದ, ಮ್ಯಾಜಿಸ್ಟ್ರೇಟರ ಮುಂದೆ ಗಾಯ ತೋರಿಸಿ ಮತ್ತೊಮ್ಮೆ ಪರೀಕ್ಷೆಗೆ ಕೋರುವುದು ಅಗತ್ಯ. ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ಅದರ ದೃಶ್ಯಗಳನ್ನು 18 ತಿಂಗಳು, ಅದು ಸಾಧ್ಯವಾಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಿಡಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಆದೇಶಿಸಿದೆ. ಆ ದೃಶ್ಯವನ್ನು ಅಳಿಸದೆ ಕಾದಿರಿಸಬೇಕೆಂಬ ಅರ್ಜಿಯನ್ನು ಮೊದಲ ವಾರದಲ್ಲೇ ಸಲ್ಲಿಸಬೇಕು. ತಪ್ಪೊಪ್ಪಿಗೆ ಹೊರಡಿಸಲು ಗಾಯಪಡಿಸುವುದು ನ್ಯಾಯ ಸಂಹಿತೆಯ 120ನೇ ಕಲಮಿನಡಿ 7 ವರ್ಷದವರೆಗೆ, ತೀವ್ರ ಗಾಯವಾದರೆ 10 ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ.

ತೋಟದ ಕಚೇರಿ, ಅರಣ್ಯ ಇಲಾಖೆ

ಕೊಡಗಿನಂಥ ಜಿಲ್ಲೆಯಲ್ಲಿ ಅಪಾಯ ಠಾಣೆಗಿಂತ ಮೊದಲೇ ಶುರುವಾಗುವುದುಂಟು. ಕಾಫಿಯೋ ಕರಿಮೆಣಸೋ ಕಡಿಮೆ ಬಿತ್ತೆಂದು ಸಂಶಯ ಬಂದಾಗ ತೋಟದ ಕಚೇರಿಗೆ ಕರೆಸಿ, ರೈಟರ್ ಅಥವಾ ಮೇಸ್ತ್ರಿಯ ಎದುರು ‘ತಪ್ಪಾಯಿತು, ಇನ್ನು ಮಾಡುವುದಿಲ್ಲ’ ಎಂದು ಬರೆಸಿಕೊಂಡರೆ, ಆ ಕಾಗದ ಪೊಲೀಸರ ಮುಂದಿನ ಹೇಳಿಕೆಯಲ್ಲವಾದ್ದರಿಂದ 23ನೇ ಕಲಮಿನ ರಕ್ಷಣೆ ಅದಕ್ಕಿರುವುದಿಲ್ಲ. ನ್ಯಾಯಾಲಯದ ಹೊರಗಿನ ಇಂಥ ತಪ್ಪೊಪ್ಪಿಗೆಯನ್ನು ನ್ಯಾಯಾಲಯಗಳು ದುರ್ಬಲ ಸಾಕ್ಷ್ಯವೆಂದೇ ಎಣಿಸಿ ಬೇರೆ ಆಧಾರಗಳನ್ನು ಕೇಳುತ್ತವೆ. ಅಧಿಕಾರಸ್ಥಾನದಲ್ಲಿರುವವರು ಬೆದರಿಸಿ, ಆಸೆ ತೋರಿಸಿ ಅಥವಾ ಭರವಸೆ ಕೊಟ್ಟು ಪಡೆದ ತಪ್ಪೊಪ್ಪಿಗೆ ಸಾಕ್ಷ್ಯ ಅಧಿನಿಯಮದ 22ನೇ ಕಲಮಿನಡಿ ಅನೂರ್ಜಿತವಾಗುತ್ತದೆಂಬುದೂ ನಿಜ. ಆದರೆ ಖಾಸಗಿ ಮಾಲೀಕ ಅಂಥ ಸ್ಥಾನದಲ್ಲಿರುವವನೇ ಎಂಬುದು ವಾದಕ್ಕೆ ಎಡೆಯಿರುವ ಪ್ರಶ್ನೆಯಾಗಿರುವುದರಿಂದ, ಲೈನ್‌ಮನೆ ಬಿಡಿಸುತ್ತಾರೆಂಬ ಹೆದರಿಕೆಯಿಂದ ಬರೆದುಕೊಟ್ಟ ಪತ್ರವೂ ಮುಂದೆ ತೊಡಕಾಗಬಹುದು. ಸಂಬಳದ ಲೆಕ್ಕ ಅಥವಾ ಮುಂಗಡದ ಚೀಟಿ ಎಂದು ಹೇಳಿ ಸಹಿ ಮಾಡಿಸುವ ಕಾಗದಗಳ ವಿಷಯದಲ್ಲೂ ಇದೇ ಎಚ್ಚರ ಬೇಕು.

ಅರಣ್ಯ ಇಲಾಖೆಯ ಪ್ರಕರಣಗಳಲ್ಲಿ ಜನ ಇನ್ನೂ ಹೆಚ್ಚು ಮೋಸ ಹೋಗುತ್ತಾರೆ. ಅರಣ್ಯಾಧಿಕಾರಿ ಖಾಕಿ ಉಟ್ಟಿದ್ದರೂ ಸಾಕ್ಷ್ಯ ಕಾನೂನಿನ ಅರ್ಥದಲ್ಲಿ ಸಾಮಾನ್ಯವಾಗಿ ಪೊಲೀಸ್ ಅಧಿಕಾರಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 50ನೇ ಕಲಂ ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಹಾಗೂ ಅದಕ್ಕೂ ಮೇಲಿನ ದರ್ಜೆಯವರಿಗೆ ಸಾಕ್ಷ್ಯ ದಾಖಲಿಸುವ ಅಧಿಕಾರ ಕೊಟ್ಟಿದ್ದು, ಆರೋಪಿಯ ಎದುರಿನಲ್ಲಿ ಬರೆದುಕೊಂಡ ಆ ಸಾಕ್ಷ್ಯವನ್ನು ಮುಂದಿನ ವಿಚಾರಣೆಯಲ್ಲಿ ಬಳಸಬಹುದಾಗಿದೆ. ಬೇಟೆ, ಮಾಂಸ, ದಂತ, ಮರ ಇಂಥ ಆರೋಪಗಳಲ್ಲಿ ಸಿಕ್ಕಿಬಿದ್ದವರು ‘ಇದೇನು ಸ್ಟೇಷನ್ ಅಲ್ಲವಲ್ಲ’ ಎಂದು ಧಾರಾಳವಾಗಿ ಮಾತನಾಡಿದರೆ ಆ ಮಾತೇ ಕೊರಳಿಗೆ ಬೀಳುತ್ತದೆ. ಮಾದಕವಸ್ತು ಪ್ರಕರಣಗಳಲ್ಲಿ ಮಾತ್ರ, 2020ರ ತೂಫಾನ್ ಸಿಂಗ್ ತೀರ್ಪಿನ ಬಳಿಕ, ಮಾದಕವಸ್ತು ಕಾಯ್ದೆಯಡಿ ತನಿಖೆ ನಡೆಸುವ ಇತರ ಇಲಾಖೆಗಳ ಅಧಿಕಾರಿಗಳೂ ಪೊಲೀಸರಿಗೆ ಸಮಾನರೆನಿಸಿ ಅವರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಸಂಘಟಿತ ಅಪರಾಧಗಳಿಗಾಗಿ ಕರ್ನಾಟಕ 2000ದಲ್ಲಿ ಮಾಡಿಕೊಂಡ ಕಾಯ್ದೆಯಲ್ಲಿ ಪೊಲೀಸ್ ವರಿಷ್ಠಾಧಿಕಾರಿ ದರ್ಜೆಯವರ ಮುಂದಿನ ತಪ್ಪೊಪ್ಪಿಗೆಗೂ ಮಾನ್ಯತೆಯಿದೆ. ಇದು ಸಾಮಾನ್ಯ ಪ್ರಕರಣಗಳಿಗೆ ತಗಲುವುದಿಲ್ಲ.

ಮ್ಯಾಜಿಸ್ಟ್ರೇಟರ ಮುಂದೆ

ವಿಚಾರಣೆ ಶುರುವಾಗುವ ಮೊದಲು ಮ್ಯಾಜಿಸ್ಟ್ರೇಟರು ತಪ್ಪೊಪ್ಪಿಗೆ ದಾಖಲಿಸುವ ಕ್ರಮ ಸುರಕ್ಷಾ ಸಂಹಿತೆಯ 183ನೇ ಕಲಮಿನಲ್ಲಿದೆ. ತಪ್ಪೊಪ್ಪಿಕೊಳ್ಳಲೇಬೇಕೆಂಬ ಕಟ್ಟುಪಾಡಿಲ್ಲ, ಒಪ್ಪಿಕೊಂಡರೆ ಅದು ವಿರುದ್ಧ ಸಾಕ್ಷ್ಯವಾಗಬಹುದು ಎಂದು ಮೊದಲೇ ವಿವರಿಸಿ, ಒತ್ತಡವಿಲ್ಲವೆಂದು ಮನಗಂಡ ಮೇಲಷ್ಟೇ ಬರೆದುಕೊಳ್ಳಬೇಕು. ಯೋಚಿಸಲು ಕನಿಷ್ಠ 24 ಗಂಟೆಯಾದರೂ ಕೊಡುವುದು ಉಚಿತವೆಂದು ಸುಪ್ರೀಂ ಕೋರ್ಟ್ 1957ರ ಸರ್ವಣ್ ಸಿಂಗ್ ಪ್ರಕರಣದಲ್ಲೇ ಹೇಳಿತ್ತು. ಹೇಳಿಕೆ ಕೊಡಲು ಮನಸ್ಸಿಲ್ಲವೆಂದು ಆರೋಪಿ ತಿಳಿಸಿದ ಮೇಲೆ ಆತನನ್ನು ಪೊಲೀಸ್ ವಶಕ್ಕೆ ಒಪ್ಪಿಸುವುದಕ್ಕೆ ಮ್ಯಾಜಿಸ್ಟ್ರೇಟರು ಅನುಮತಿ ಕೊಡಕೂಡದೆಂಬುದು ಆ ಕಲಮಿನ ಅತ್ಯಂತ ಬೆಲೆಬಾಳುವ ಸಾಲು, ಏಕೆಂದರೆ ಬೇಡವೆಂದರೆ ಮತ್ತೆ ಠಾಣೆಗೆ ಒಯ್ದು ಹೊಡೆಯುತ್ತಾರೆಂಬ ಭಯವೇ ಬಹುಪಾಲು ಒಪ್ಪಿಗೆಗಳ ಬೇರು.

ದಂಡ ಕಟ್ಟಿ ಮುಗಿಸುವ ಆಸೆ

ಆರೋಪವನ್ನು ಓದಿ ಹೇಳಿ ‘ಒಪ್ಪುತ್ತೀರಾ’ ಎಂದು ನ್ಯಾಯಾಧೀಶರು ಕೇಳುವ ಹಂತವೇ ನಿಜವಾದ ತಿರುವು. ಇಲ್ಲಿ ಹೊಡೆತವಿಲ್ಲ, ಬೆದರಿಕೆಯಿಲ್ಲ. ಆದರೆ ಬಡತನ ಮಾಡುವ ಬಲವಂತ ಇದೆ. ಪ್ರತಿ ವಾಯಿದೆಗೂ ಒಂದು ದಿನದ ಕೂಲಿ, ಬಸ್ಸಿನ ಖರ್ಚು, ವಕೀಲರ ಶುಲ್ಕ ಹೋಗುತ್ತದೆ. ಜಾಮೀನಿಗೆ ಪಹಣಿ ಇರುವ ಜಾಮೀನುದಾರ ಬೇಕೆಂದರೆ ಹಾಡಿಯಲ್ಲೂ ಲೈನ್‌ಮನೆಯಲ್ಲೂ ಅಂಥವರು ಸಿಗುವುದು ಕಷ್ಟ. ಆದೇಶವಾಗಿದ್ದರೂ ಜಾಮೀನುದಾರರಿಲ್ಲದೆ ಸೆರೆಯಲ್ಲಿ ಉಳಿದವನಿಗೆ, ಒಪ್ಪಿಕೊಂಡರೆ ಇಷ್ಟು ದಿನ ಕಳೆದ ಸೆರೆಯನ್ನೇ ಶಿಕ್ಷೆ ಎಂದು ಎಣಿಸಿ ಬಿಟ್ಟುಬಿಡುತ್ತಾರೆಂದು ಯಾರಾದರೂ ಹೇಳಿದರೆ, ನಿರಪರಾಧಿಯೂ ಒಪ್ಪಿಕೊಳ್ಳುವುದು ಅಚ್ಚರಿಯಲ್ಲ. ಬಿಡುಗಡೆಯ ದಾರಿಯೇ ತಪ್ಪೊಪ್ಪಿಗೆಯ ಮೂಲಕ ಹಾಯುವಂತೆ ವ್ಯವಸ್ಥೆ ರೂಪುಗೊಂಡಿದ್ದರೆ ಆ ಒಪ್ಪಿಗೆಯನ್ನು ಸ್ವಂತ ಇಚ್ಛೆಯದೆಂದು ಕರೆಯುವುದು ಕಾನೂನಿನ ಕಣ್ಣಿಗೆ ಸರಿಯಾದರೂ ನ್ಯಾಯದ ಕಣ್ಣಿಗೆ ಸರಿಯಲ್ಲ. ಇಂಥ ಸಂದರ್ಭದಲ್ಲಿ ಕೇಳಬೇಕಾದುದು ಜಾಮೀನಿನ ಷರತ್ತಿನ ಸಡಿಲಿಕೆಯನ್ನು. ಜಾಮೀನು ಕೊಡಲೇಬೇಕಾದ ಅಪರಾಧಗಳಲ್ಲಿ, ಬಂಧನವಾದ ಒಂದು ವಾರದೊಳಗೆ ಜಾಮೀನು ಒದಗಿಸಲಾಗದವರನ್ನು ನಿರ್ಗತಿಕರೆಂದು ಭಾವಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಸುರಕ್ಷಾ ಸಂಹಿತೆಯ 478ನೇ ಕಲಂ ಹೇಳುತ್ತದೆ. ಮೊದಲ ಬಾರಿಗೆ ಆರೋಪಕ್ಕೆ ಗುರಿಯಾದ ವಿಚಾರಣಾಧೀನ ಬಂದಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ದರೆ, ಮರಣದಂಡನೆ ಅಥವಾ ಜೀವಾವಧಿಯ ಅಪರಾಧಗಳನ್ನು ಬಿಟ್ಟು, ಮತ್ತು ಬೇರೆ ಮೊಕದ್ದಮೆಗಳು ಬಾಕಿಯಿರದಿದ್ದರೆ, 479ನೇ ಕಲಮಿನಡಿ ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಅರ್ಹನಾಗುತ್ತಾನೆ.

ಸಣ್ಣ ದಂಡವೆಂದು ಒಪ್ಪಿಕೊಂಡದ್ದು ಕಾಗದದ ಮೇಲೆ ಅಪರಾಧ ನಿರ್ಣಯವಾಗಿಯೇ ಉಳಿಯುತ್ತದೆ. ಸರಕಾರಿ ಕೆಲಸ, ಪಾಸ್‌ಪೋರ್ಟ್, ಕಾವಲುಗಾರನ ಕೆಲಸಕ್ಕೆ ಬೇಕಾದ ಪೊಲೀಸ್ ಪರಿಶೀಲನೆ ಎಲ್ಲದರಲ್ಲೂ ಅದು ಎದುರಾಗುತ್ತದೆ. ಮುಂದೊಮ್ಮೆ ಇನ್ನೊಂದು ಪ್ರಕರಣದಲ್ಲಿ ಸಿಕ್ಕಿಕೊಂಡರೆ ‘ಮೊದಲ ಬಾರಿ’ ಎಂಬ ರಿಯಾಯಿತಿಗಳೂ ಇಲ್ಲವಾಗುತ್ತವೆ. ಆದ್ದರಿಂದ ಒಪ್ಪುವ ಮೊದಲು ಕೇಳಿ ತಿಳಿಯಬೇಕಾದ ವಿಷಯಗಳಿವೆ: ಆರೋಪ ಯಾವ ಕಲಮಿನದು, ಗರಿಷ್ಠ ಶಿಕ್ಷೆ ಎಷ್ಟು, ಅದನ್ನು ಫಿರ್ಯಾದಿಯೊಡನೆ ರಾಜಿ ಮಾಡಿಕೊಳ್ಳಲು ಕಾನೂನು ಅವಕಾಶ ಕೊಡುತ್ತದೆಯೇ. ರಾಜಿಯಾದರೆ ಅದು ಬಿಡುಗಡೆಗೆ ಸಮ, ತಪ್ಪೊಪ್ಪಿಗೆಯಾದರೆ ಶಿಕ್ಷೆ. ಲೋಕ ಅದಾಲತ್ತಿನ ದಿನದ ಗದ್ದಲದಲ್ಲಿ ಈ ಎರಡರ ನಡುವಿನ ಅಂತರ ಅಳಿಸಿಹೋಗುವುದನ್ನು ವಕೀಲರೇ ಒಪ್ಪುತ್ತಾರೆ. ದೋಷಾರೋಪ ಪಟ್ಟಿ ಮತ್ತು ಅದರ ಜೊತೆಯ ಕಾಗದಗಳ ಪ್ರತಿಯನ್ನು ಉಚಿತವಾಗಿ ಕೊಡಬೇಕೆಂಬ ನಿಯಮವಿದ್ದು, ಅದನ್ನು ಪಡೆದು ಓದಿಸಿಕೊಳ್ಳದೆ ಯಾವ ಉತ್ತರವನ್ನೂ ಕೊಡಬೇಕಾಗಿಲ್ಲ. ‘ಒಪ್ಪುವುದಿಲ್ಲ, ವಿಚಾರಣೆ ನಡೆಯಲಿ’ ಎನ್ನುವುದು ಉದ್ಧಟತನವಲ್ಲ, ಅದು ಆರೋಪಿಯ ಹಕ್ಕು. ಹಾಗೆಂದುದಕ್ಕೆ ಹೆಚ್ಚು ಶಿಕ್ಷೆ ಕೊಡುವಂತಿಲ್ಲ.

ನಿಜವಾಗಿಯೂ ತಪ್ಪು ಮಾಡಿದವರು ಒಪ್ಪಿಕೊಳ್ಳುವುದಾದರೂ ಬರಿಗೈಯಲ್ಲಿ ಒಪ್ಪಿಕೊಳ್ಳಬಾರದು. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಎಚ್ಚರಿಕೆ ಕೊಟ್ಟೋ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಡುವಂತೆ ಕೇಳಬಹುದು, ಹಾಗೆ ಬಿಟ್ಟರೆ ಅಪರಾಧ ನಿರ್ಣಯದಿಂದ ಉಂಟಾಗುವ ಅನರ್ಹತೆಯೂ ತಗಲುವುದಿಲ್ಲ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಮೊದಲ ಕಳವಿಗೆ, ವಸ್ತುವನ್ನು ಅಥವಾ ಅದರ ಬೆಲೆಯನ್ನು ಹಿಂದಿರುಗಿಸಿದರೆ, ಹೊಸ ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನೇ ಶಿಕ್ಷೆಯಾಗಿ ಇಟ್ಟಿದೆ.

ಪ್ಲೀ ಬಾರ್ಗೇನಿಂಗ್ ಎಂದು ವಕೀಲರು ಕರೆಯುವ ಆರೋಪ ಚೌಕಾಸಿ ಇದಕ್ಕಿಂತ ಬೇರೆಯಾದ ವ್ಯವಸ್ಥೆ. ಅಮೆರಿಕದಲ್ಲಿ ಶಿಕ್ಷೆಗಳ ಪೈಕಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಇಂಥ ಒಪ್ಪಂದದಿಂದಲೇ ಆಗುತ್ತವೆ. ವಿಚಾರಣೆಗೆ ಹೋಗಿ ಸೋತರೆ ಸಿಗುವ ದೊಡ್ಡ ಶಿಕ್ಷೆಗೆ ಹೆದರಿ ಒಪ್ಪಿಕೊಂಡು, ಮುಂದೆ ಡಿಎನ್‌ಎ ಪರೀಕ್ಷೆಯಿಂದ ನಿರಪರಾಧಿಗಳೆಂದು ಸಾಬೀತಾದವರು ಅಲ್ಲಿದ್ದಾರೆ. ಭಾರತದ ಸುಪ್ರೀಂ ಕೋರ್ಟ್ 1980ರ ಕಾಸಂಭಾಯಿ ಪ್ರಕರಣದಲ್ಲಿ ಇದೇ ಕಾರಣಕ್ಕೆ ಚೌಕಾಸಿಯನ್ನು ಖಂಡಿಸಿತ್ತು. ಕರ್ನಾಟಕದ್ದೇ ಆದ ತಿಪ್ಪೇಸ್ವಾಮಿ ಪ್ರಕರಣದಲ್ಲಿ, ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದ ಆರೋಪವನ್ನು ಒಪ್ಪಿಕೊಂಡು ದಂಡದಿಂದ ಪಾರಾದವನಿಗೆ ಹೈಕೋರ್ಟು ಸೆರೆವಾಸಕ್ಕೆ ಶಿಕ್ಷೆ ಏರಿಸಿದಾಗ, ಹಗುರ ಶಿಕ್ಷೆಯ ಭರವಸೆಯಿಂದ ಒಪ್ಪಿಸಿ ಆಮೇಲೆ ಏರಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧವೆಂದೂ, ಅಂಥಲ್ಲಿ ಶಿಕ್ಷೆಯನ್ನು ರದ್ದುಮಾಡಿ ಆರೋಪಿಗೆ ಮತ್ತೆ ಎದುರಿಸುವ ಅವಕಾಶ ಕೊಡಬೇಕೆಂದೂ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪು 1983ರ ಕಾನೂನು ವರದಿಗಳಲ್ಲಿದೆ, ಇಂದಿಗೂ ಉಪಯೋಗಕ್ಕೆ ಬರುತ್ತದೆ.

2006ರ ಜುಲೈಯಿಂದ ಸಂಸತ್ತೇ ಚೌಕಾಸಿಗೆ ಅವಕಾಶ ಕೊಟ್ಟಿದ್ದು, ಈಗ ಅದು ಸುರಕ್ಷಾ ಸಂಹಿತೆಯ 289ರಿಂದ 300ರವರೆಗಿನ ಕಲಮುಗಳಲ್ಲಿದೆ. ಏಳು ವರ್ಷ ಮೀರಿದ ಶಿಕ್ಷೆಯ ಅಪರಾಧಗಳಿಗೆ, ಮಹಿಳೆ ಮತ್ತು ಮಕ್ಕಳ ವಿರುದ್ಧದ ಅಪರಾಧಗಳಿಗೆ ಅದು ಅನ್ವಯಿಸುವುದಿಲ್ಲ. ಆರೋಪ ಹೊರಿಸಿದ 30 ದಿನಗಳೊಳಗೆ ಆರೋಪಿಯೇ ಅರ್ಜಿ ಕೊಡಬೇಕು. ಇನ್ನೊಂದು ಪಕ್ಷದವರನ್ನು ಹೊರಗಿರಿಸಿ ನ್ಯಾಯಾಧೀಶರು ಅರ್ಜಿ ಸ್ವಇಚ್ಛೆಯದೇ ಎಂದು ಆರೋಪಿಯನ್ನು ಗುಟ್ಟಾಗಿ ವಿಚಾರಿಸಬೇಕು. ಯಾರಾದರೂ ಬಲವಂತ ಮಾಡಿದ್ದರೆ ಅದನ್ನು ಹೇಳಬೇಕಾದ ಜಾಗ ಇದೇ. ಚೌಕಾಸಿ ಮುರಿದುಬಿದ್ದರೆ ಅದರಲ್ಲಿ ಆಡಿದ ಮಾತನ್ನು ಬೇರೆಡೆ ಬಳಸುವಂತಿಲ್ಲ. ಕೂಡಿಬಂದರೆ ಆ ತೀರ್ಪಿನ ಮೇಲೆ ಸಾಮಾನ್ಯ ಮೇಲ್ಮನವಿ ಇಲ್ಲ.

ಒಪ್ಪಿಕೊಂಡಾದ ಮೇಲೆ

ತಿಳಿಯದೆ ಅಥವಾ ಹೆದರಿ ಒಪ್ಪಿಕೊಂಡವರು ತೀರ್ಪು ಹೊರಬೀಳುವ ಮೊದಲೇ ವಕೀಲರ ಮೂಲಕ, ಇಲ್ಲವೇ ತಾವೇ, ಒಪ್ಪಿಗೆ ಹಿಂತೆಗೆದುಕೊಳ್ಳುವ ಅರ್ಜಿ ಕೊಡಬೇಕು. ಒಪ್ಪಿಕೊಂಡ ಮಾತ್ರಕ್ಕೆ ಶಿಕ್ಷೆ ವಿಧಿಸಲೇಬೇಕೆಂಬ ಕಡ್ಡಾಯ ನ್ಯಾಯಾಧೀಶರಿಗಿಲ್ಲ, ಅದು ಅವರ ವಿವೇಚನೆಗೆ ಬಿಟ್ಟದ್ದು. ಸಮನ್ಸ್ ಪ್ರಕರಣಗಳಲ್ಲಿ, ಎಂದರೆ ಎರಡು ವರ್ಷಕ್ಕೆ ಮೀರದ ಶಿಕ್ಷೆಯ ಸಣ್ಣ ಪ್ರಕರಣಗಳಲ್ಲಿ, ಆರೋಪಿ ಆಡಿದ ಮಾತನ್ನು ಸಾಧ್ಯವಾದಷ್ಟೂ ಆತನ ಮಾತಿನಲ್ಲೇ ಬರೆಯಬೇಕೆಂದು ಸುರಕ್ಷಾ ಸಂಹಿತೆಯ 275ನೇ ಕಲಂ ಹೇಳುವುದರಿಂದ, ‘ಒಪ್ಪಿಕೊಂಡ’ ಎಂಬ ಅಚ್ಚಿನ ನಮೂನೆಯ ಕೆಳಗೆ ಹೆಬ್ಬೆಟ್ಟು ಮಾತ್ರ ಇದ್ದರೆ ಆ ದೋಷವನ್ನು ಮೇಲಿನ ನ್ಯಾಯಾಲಯದಲ್ಲಿ ಎತ್ತಿ ತೋರಿಸಬಹುದು. ಶಿಕ್ಷೆಯಾದ ಮೇಲೆ 416ನೇ ಕಲಂ ಮೇಲ್ಮನವಿಯನ್ನು ಶಿಕ್ಷೆಯ ಪ್ರಮಾಣ ಮತ್ತು ಕಾನೂನುಬದ್ಧತೆಗಷ್ಟೇ ಸೀಮಿತಗೊಳಿಸುತ್ತದೆ. ಒಪ್ಪಿಗೆಯೇ ಒಪ್ಪಿಗೆಯಲ್ಲ ಎಂಬ ವಾದಕ್ಕೆ ಸೆಷನ್ಸ್ ನ್ಯಾಯಾಲಯದಲ್ಲಿ ಪುನರೀಕ್ಷಣಾ ಅರ್ಜಿ, ಹೈಕೋರ್ಟಿನಲ್ಲಿ 528ನೇ ಕಲಮಿನ ಅರ್ಜಿ ಉಳಿಯುತ್ತವೆ. ವಕೀಲರ ನೆರವು ಉಚಿತವಾಗಿ ದೊರೆಯುತ್ತದೆಂದು ತಿಳಿಸದೆ ನಡೆಸಿದ ವಿಚಾರಣೆಯ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1986ರ ಸುಕ್ ದಾಸ್ ಪ್ರಕರಣದಲ್ಲಿ ರದ್ದುಪಡಿಸಿದ್ದು ಇಲ್ಲಿ ನೆನಪಿಡತಕ್ಕದ್ದು.

ಆ ಉಚಿತ ನೆರವು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಹಕ್ಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರು, ಎಲ್ಲ ಮಹಿಳೆಯರು, ಮಕ್ಕಳು, ಅಂಗವಿಕಲರು ಮತ್ತು ಬಂಧನದಲ್ಲಿರುವ ಯಾರೇ ಆಗಲಿ ಆದಾಯದ ಮಿತಿಯಿಲ್ಲದೆ ಅದಕ್ಕೆ ಅರ್ಹರು. ಕೊಡಗಿನವರಿಗೆ ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ದೇಶದ ಎಲ್ಲೆಡೆಯಿಂದಲೂ ಕರೆಯಬಹುದಾದ ಸಹಾಯವಾಣಿ ಸಂಖ್ಯೆ 15100. ಬಂಧನಕ್ಕೆ ಮೊದಲಿನ ಹಂತದಿಂದಲೇ ಈ ನೆರವು ಸಿಗಬೇಕೆಂದು ರಾಷ್ಟ್ರೀಯ ಪ್ರಾಧಿಕಾರ 2019ರಲ್ಲಿ ಕಾರ್ಯಕ್ರಮ ರೂಪಿಸಿದೆ. ಅದನ್ನು ಪಡೆಯಲು ವಿಚಾರಣೆಯ ದಿನದವರೆಗೆ ಕಾಯುವುದೇ ಹೆಚ್ಚಿನವರು ಮಾಡುವ ತಪ್ಪು, ಅಷ್ಟರೊಳಗೆ ಕೆಡಬೇಕಾದುದು ಕೆಟ್ಟಿರುತ್ತದೆ. ಪೊಲೀಸರ ಮೇಲಿನ ದೂರಿಗೆ ರಾಜ್ಯ ಮಾನವ ಹಕ್ಕುಗಳ ಆಯೋಗ ಮತ್ತು ಪೊಲೀಸ್ ದೂರು ಪ್ರಾಧಿಕಾರಗಳಿವೆ.

ಇನ್ನು ಪರಿಹಾರದ ಮಾತು. ಜಪಾನಿನಲ್ಲಿ 1966ರ ಕೊಲೆಗೆ ಸಂಬಂಧಿಸಿ ಒತ್ತಾಯದ ತಪ್ಪೊಪ್ಪಿಗೆಯ ನಂತರ ಮರಣದಂಡನೆಗೆ ಗುರಿಯಾದ ಇವಾವೊ ಹಕಮಾಡ ಅವರು 2024ರ ಸೆಪ್ಟೆಂಬರ್ 26ರಂದು ನಿರ್ದೋಷಿಯೆಂದು ನ್ಯಾಯಾಲಯದಿಂದ ಘೋಷಿತರಾದರು. ಅಲ್ಲಿ ಹೀಗೆ ಸೆರೆಯಲ್ಲಿ ಕಳೆದ ದಿನಗಳಿಗೆ ಲೆಕ್ಕ ಹಾಕಿ ಪರಿಹಾರ ಕೊಡುವ ಕಾನೂನಿದೆ. ಭಾರತದಲ್ಲಿ ತಪ್ಪು ಮೊಕದ್ದಮೆಯಿಂದ ನೊಂದವರಿಗೆ ಪರಿಹಾರ ಕೊಡಲು ಕಾನೂನು ಬೇಕೆಂದು ಕಾನೂನು ಆಯೋಗ 2018ರ ಆಗಸ್ಟ್‌ನ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿದ್ದರೂ ಅಂಥ ಪ್ರತ್ಯೇಕ ಕಾಯ್ದೆ ಬಂದಿಲ್ಲ. ಆಧಾರವಿಲ್ಲದೆ ಬಂಧನ ಮಾಡಿಸಿದವರಿಂದ ಮ್ಯಾಜಿಸ್ಟ್ರೇಟರು ಕೊಡಿಸಬಹುದಾದ ಮೊತ್ತಕ್ಕೆ ಸುರಕ್ಷಾ ಸಂಹಿತೆಯ 399ನೇ ಕಲಂ ಇಟ್ಟಿರುವ ಮಿತಿ ಒಂದು ಸಾವಿರ ರೂಪಾಯಿ. ಅದಕ್ಕಿಂತ ಹೆಚ್ಚು ಬೇಕಾದವರು ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬೇಕು, 1983ರ ರುದುಲ್ ಸಾ ಮತ್ತು 1993ರ ನೀಲಬತಿ ಬೆಹೆರಾ ತೀರ್ಪುಗಳು ಅದಕ್ಕೆ ದಾರಿ ತೆರೆದಿವೆ. ಅಲ್ಲಿಗೆ ಹೋಗುವವರು ಬಂಧನದ ಪತ್ರ, ವೈದ್ಯರ ವರದಿ, ಎಸ್‌ಪಿ ಕಚೇರಿಗೆ ಕಳುಹಿಸಿದ ಅರ್ಜಿಯ ಪ್ರತಿ ಮತ್ತು ಅದರ ಅಂಚೆ ರಸೀದಿಯನ್ನು ಮೊದಲ ದಿನದಿಂದಲೇ ಎತ್ತಿಟ್ಟುಕೊಂಡಿರಬೇಕು.